ಒಂದೇ ವಿಳಾಸ, ಮೂರು ಭಾಷೆ: ಕನ್ನಡದ ಫೋನಿಗೂ ಇಂಗ್ಲಿಷ್ ಪುಟ ಹೋಗುತ್ತಿರುವುದೇಕೆ?

ಎಡದಂಡೆ_ಗಂಗಾವತಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಭತ್ತದ ಬೆಳೆಗಾರರಿಗಾಗಿ ನಾವು ಕೆಲವು ಬೀಜ-ಗೊಬ್ಬರದ ಅಂಗಡಿಯವರು ಸೇರಿ ಒಂದು ಸಣ್ಣ ಜಾಲತಾಣ ನಡೆಸುತ್ತಿದ್ದೇವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ದಿನ, ಉಪಕಾಲುವೆಗಳ ವಾರಾಬಂದಿ, 75 ಕೆ.ಜಿ. ಚೀಲದ ಭತ್ತದ ದರ, ಯಾವ ಔಷಧವನ್ನು ಯಾವ ಹಂತದಲ್ಲಿ ಎಷ್ಟು ಸಿಂಪಡಿಸಬೇಕು ಎಂಬ ಮಾಹಿತಿ, ಇಷ್ಟೇ ಅದರಲ್ಲಿರುವುದು. ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರುಗಳಾದ ಕ್ಯಾಂಪ್‌ಗಳಲ್ಲಿ ತೆಲುಗು ಓದುವವರೇ ಹೆಚ್ಚಾಗಿರುವುದರಿಂದ ಪ್ರತಿಯೊಂದು ಪುಟವನ್ನೂ ಕನ್ನಡ, ತೆಲುಗು ಮತ್ತು ಇಂಗ್ಲಿಷ್ ಎಂದು ಮೂರು ಭಾಷೆಗಳಲ್ಲಿ ಬರೆದಿದ್ದೇವೆ.

ಸರ್ವರ್ ಅಪಾಚೆ. ಅದರಲ್ಲಿ ಮಲ್ಟಿವ್ಯೂಸ್ ಆಯ್ಕೆಯನ್ನು ತೆರೆದು, ಒಂದೇ ಹೆಸರಿನ ಫೈಲ್‌ಗೆ ಕೊನೆಯಲ್ಲಿ ಡಾಟ್ ಕೆಎನ್, ಡಾಟ್ ಟಿಇ, ಡಾಟ್ ಇಎನ್ ಎಂದು ಬಾಲ ಸೇರಿಸಿ ಮೂರು ಪ್ರತಿಗಳನ್ನು ಇಟ್ಟಿದ್ದೇನೆ. ಓದುಗರಿಗೆ ಕಾಣುವ ವಿಳಾಸ ಮಾತ್ರ ಒಂದೇ. ಬರುವವರ ಬ್ರೌಸರ್ ಯಾವ ಭಾಷೆ ಬೇಕೆನ್ನುತ್ತದೋ ಆ ಪ್ರತಿಯನ್ನು ಸರ್ವರ್ ತಾನೇ ಆರಿಸಿ ಕೊಡುತ್ತದೆ ಎಂದು ಓದಿದ್ದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಗೆಯೇ ನಡೆಯುತ್ತದೆ ಕೂಡ. ಆದರೆ ಊರಿನ ಫೋನುಗಳಲ್ಲಿ ಹಾಗಾಗುತ್ತಿಲ್ಲ.

ಮೊದಲನೆಯದಾಗಿ, ನಮ್ಮ ಚಿಕ್ಕಪ್ಪನವರ ಫೋನನ್ನು ನಾನೇ ಕೈಯಾರೆ ಕನ್ನಡಕ್ಕೆ ಹಾಕಿಕೊಟ್ಟಿದ್ದೇನೆ. ಆ ಫೋನಿನ ಕ್ರೋಮ್‌ನಲ್ಲಿ ವಿಳಾಸ ಬರೆದು ತೆರೆದರೆ ಕನ್ನಡ ಬರುತ್ತದೆ. ಅದೇ ಲಿಂಕನ್ನು ಯಾರೋ ಒಂದು ಆ್ಯಪ್‌ನಲ್ಲಿ ಕಳಿಸಿ, ಆ ಆ್ಯಪ್‌ನ ಒಳಗೇ ಅದು ತೆರೆದುಕೊಂಡಾಗ ಇಂಗ್ಲಿಷ್ ಬರುತ್ತದೆ. ಅದೇ ಫೋನು, ಅದೇ ಸಿಮ್ಮು, ಅದೇ ಪುಟ.

ಎರಡನೆಯದಾಗಿ, ಕಳೆದ ವಾರ ಒಂದು ಬೆಳಿಗ್ಗೆ ಆರು ಗಂಟೆಯಿಂದ ಸುಮಾರು ಹತ್ತು ಗಂಟೆಯವರೆಗೆ ದರದ ಪುಟ ಎಲ್ಲರಿಗೂ ತೆಲುಗಿನಲ್ಲೇ ಕಾಣಿಸಿತು. ಕಾರಟಗಿಯಿಂದ ಕರೆ ಮಾಡಿದವರೊಬ್ಬರು "ಏನ್ರೀ, ನಿಮ್ಮ ಅಂಗಡಿಯನ್ನು ಗುಂಟೂರಿಗೆ ಸಾಗಿಸಿದಿರೇನು" ಎಂದು ಕೇಳಿದರು. ಹತ್ತು ಗಂಟೆಯ ನಂತರ ನಾನು ಏನನ್ನೂ ಮಾಡದೆಯೇ ಸರಿಹೋಯಿತು, ಮತ್ತು ಅದೇ ನನಗೆ ಹೆಚ್ಚು ಭಯ ಹುಟ್ಟಿಸಿರುವ ಸಂಗತಿ.

ಇವೆರಡರ ಜೊತೆಗೆ ಒಂದು ಸಂದೇಹವೂ ಇದೆ. ನಮ್ಮ ಓದುಗರಲ್ಲಿ ಬಹುಪಾಲು ಜನರ ಫೋನು ಇಂಗ್ಲಿಷಿನಲ್ಲೇ ಇರುತ್ತದೆ, ಆದರೆ ಅವರು ಓದುವುದು ಕನ್ನಡ ಮಾತ್ರ. ಇಂಥವರಿಗೆ ಬ್ರೌಸರ್‌ನ ಮಾತನ್ನು ನಂಬುವ ಬದಲು, ಫೋನು ಯಾವ ಊರಿನಲ್ಲಿದೆ ಎಂದು ಐಪಿ ವಿಳಾಸದಿಂದ ತಿಳಿದು ಕನ್ನಡ ಕೊಡುವುದು ಉತ್ತಮವಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಬಳ್ಳಾರಿ_ಸರ್ವರ್_ರೂಮ್ ಉತ್ತರಿಸಿದ್ದು:

ನೀವು ಹೇಳಿರುವ ಮೂರೂ ಬೇರೆ ಬೇರೆ ಸಮಸ್ಯೆಗಳು. ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿರುವುದರಿಂದ ಕಗ್ಗಂಟಾಗಿ ಕಾಣುತ್ತಿದೆ, ಅಷ್ಟೇ. ಮೊದಲನೆಯದನ್ನು ನಾನು ಹಿಡಿಯುತ್ತೇನೆ.

ಬ್ರೌಸರ್ ಪುಟವೊಂದನ್ನು ಕೇಳುವಾಗ ವಿಳಾಸದ ಜೊತೆಗೆ ಕೆಲವು ಹೆಡರ್ ಸಾಲುಗಳನ್ನೂ ಕಳಿಸುತ್ತದೆ, ಅವುಗಳಲ್ಲಿ ಒಂದರ ಹೆಸರು ಅಕ್ಸೆಪ್ಟ್-ಲ್ಯಾಂಗ್ವೇಜ್. ಅದರಲ್ಲಿ ಭಾಷೆಗಳ ಸಂಕೇತಗಳು ಅಲ್ಪವಿರಾಮದಿಂದ ಬೇರೆಯಾಗಿ ಬರುತ್ತವೆ, ಮತ್ತು ಪ್ರತಿಯೊಂದರ ಮುಂದೆ ಕ್ಯೂ ಎಂಬ ಅಕ್ಷರದೊಂದಿಗೆ 0ಯಿಂದ 1ರವರೆಗಿನ ಒಂದು ತೂಕ ಇರಬಹುದು. ತೂಕ ಬರೆಯದಿದ್ದರೆ 1 ಎಂದು ಅರ್ಥ, 0 ಎಂದು ಬರೆದರೆ ಆ ಭಾಷೆ ಬೇಡವೇ ಬೇಡ ಎಂದು ಅರ್ಥ. ಸರ್ವರ್ ತನ್ನ ಬಳಿ ಇರುವ ಪ್ರತಿಗಳಿಗೆ ಈ ತೂಕಗಳನ್ನು ಹಚ್ಚಿ, ಯಾವುದು ಹೆಚ್ಚು ತೂಗುತ್ತದೋ ಅದನ್ನು ಕೊಡುತ್ತದೆ. ಇದರಲ್ಲಿ ಊಹೆಯ ಮಾತೇ ಇಲ್ಲ, ಗಂಜಿನಲ್ಲಿ ಚೀಲ ತೂಗಿದ ಹಾಗೆ ಲೆಕ್ಕ ನಡೆಯುತ್ತದೆ. ಹಾಗಾಗಿ ಫಲಿತಾಂಶ ವಿಚಿತ್ರವಾಗಿ ಬಂದಾಗ ತಕ್ಕಡಿಯನ್ನು ಬೈಯುವ ಮೊದಲು, ಅದರ ಮೇಲೆ ಬಿದ್ದ ಸರಕೇನು ಎಂದು ನೋಡಬೇಕು.

ಆದ್ದರಿಂದ ಒಂದು ಕೆಲಸ ಮಾಡಿ. ಬಂದ ಕೋರಿಕೆಗಳನ್ನೆಲ್ಲ ಬರೆದಿಡುವ ಅಪಾಚೆಯ ಲಾಗ್‌ನ ಮಾದರಿ ಸಾಲಿಗೆ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್ ಕೂಡ ಬೀಳುವಂತೆ ಸೇರಿಸಿ, ಚಿಕ್ಕಪ್ಪನವರ ಫೋನಿನಿಂದ ಎರಡೂ ರೀತಿಯಲ್ಲಿ ತೆರೆಸಿ, ಆ ಸಾಲುಗಳನ್ನು ಇಲ್ಲಿ ಹಾಕಿ. ಜೊತೆಗೆ, ಬಾಲವಿಲ್ಲದ ಮೂಲ ಹೆಸರಿನ ಫೈಲ್ ಅದೇ ಫೋಲ್ಡರಿನಲ್ಲಿ ಉಳಿದಿದೆಯೇ ಎಂದೂ ನೋಡಿ. ಕೇಳಿದ ಹೆಸರಿನ ಫೈಲ್ ನೇರವಾಗಿ ಇದ್ದರೆ ಅಪಾಚೆ ಅದನ್ನೇ ಎತ್ತಿ ಕೊಡುತ್ತದೆ. ಆ ಹೆಸರಿನ ಫೈಲ್ ಇಲ್ಲದಿದ್ದಾಗ ಮಾತ್ರ ಮಲ್ಟಿವ್ಯೂಸ್ ಬಾಲವಿರುವ ಪ್ರತಿಗಳನ್ನು ಹುಡುಕಲು ಹೊರಡುತ್ತದೆ. ಹಳೆಯ ಪ್ರತಿಯೊಂದನ್ನು ಅಳಿಸಲು ಮರೆತು ನಾನೊಮ್ಮೆ ಅರ್ಧ ದಿನ ಕಳೆದಿದ್ದೇನೆ.

ಎಡದಂಡೆ_ಗಂಗಾವತಿ:

ಬಾಲವಿಲ್ಲದ ಫೈಲ್ ಇಲ್ಲ, ನೋಡಿದೆ. ಲಾಗ್‌ನ ಸಾಲುಗಳು ಇಲ್ಲಿವೆ. ಓದಲು ಅನುಕೂಲವಾಗಲೆಂದು ಸಂಕೇತಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ.

ನನ್ನ ಲ್ಯಾಪ್‌ಟಾಪ್, ಫೈರ್‌ಫಾಕ್ಸ್: ಕೆಎನ್, ಇಎನ್;ಕ್ಯೂ=0.5
ಚಿಕ್ಕಪ್ಪನವರ ಫೋನು, ಕ್ರೋಮ್: ಕೆಎನ್-ಐಎನ್, ಕೆಎನ್;ಕ್ಯೂ=0.9, ಇಎನ್-ಯುಎಸ್;ಕ್ಯೂ=0.8, ಇಎನ್;ಕ್ಯೂ=0.7
ಅದೇ ಫೋನು, ಆ್ಯಪ್‌ನ ಒಳಗಿನ ಕಿಟಕಿ: ಕೆಎನ್-ಐಎನ್, ಇಎನ್;ಕ್ಯೂ=0.8

ಮೂರನೆಯದರಲ್ಲೂ ಕನ್ನಡವೇ ಮೊದಲಿದೆ, ಇಂಗ್ಲಿಷಿನ ತೂಕ ಅದಕ್ಕಿಂತ ಕಡಿಮೆ ಇದೆ. ಆದರೂ ಇಂಗ್ಲಿಷ್ ಪುಟ ಹೋಗಿದೆ. ತಕ್ಕಡಿಯೇ ಸುಳ್ಳು ಹೇಳುತ್ತಿದೆ ಎಂದು ನನಗೆ ಅನ್ನಿಸುತ್ತಿದೆ.

ಬಳ್ಳಾರಿ_ಸರ್ವರ್_ರೂಮ್:

ತಕ್ಕಡಿ ಸರಿಯಾಗಿಯೇ ಇದೆ. ಮೂರನೆಯ ಸಾಲಿನಲ್ಲಿ ನೀವು ಇದೆ ಎಂದುಕೊಂಡಿರುವ ಒಂದು ಪದ ಇಲ್ಲ. ಎರಡನೆಯ ಸಾಲಿನೊಂದಿಗೆ ಹೋಲಿಸಿ ನೋಡಿ: ಕ್ರೋಮ್ "ಕೆಎನ್-ಐಎನ್" ಎಂದ ಮೇಲೆ ಬರಿಯ "ಕೆಎನ್" ಎಂಬುದನ್ನೂ ಸೇರಿಸಿದೆ. ಆ್ಯಪ್‌ನ ಕಿಟಕಿ ಸೇರಿಸಿಲ್ಲ.

ಕೆಎನ್ ಎಂದರೆ ಕನ್ನಡ, ಕೆಎನ್-ಐಎನ್ ಎಂದರೆ ಭಾರತದಲ್ಲಿ ಬಳಸುವ ಕನ್ನಡ. ಮನುಷ್ಯರಿಗೆ ಇವೆರಡರ ನಡುವೆ ಏನೂ ವ್ಯತ್ಯಾಸವಿಲ್ಲ, ಕನ್ನಡವನ್ನು ಭಾರತದಲ್ಲಲ್ಲದೆ ಇನ್ನೆಲ್ಲಿ ಬಳಸುತ್ತಾರೆ ಎಂದು ನಾವು ಕೇಳುತ್ತೇವೆ. ಈ ಏರ್ಪಾಡು ಹುಟ್ಟಿದ್ದು ಅಮೆರಿಕದ ಇಂಗ್ಲಿಷ್ ಬೇರೆ, ಬ್ರಿಟನ್ನಿನ ಇಂಗ್ಲಿಷ್ ಬೇರೆ ಎಂಬಂಥ ಅಗತ್ಯಕ್ಕಾಗಿ. ಅಂತರ್ಜಾಲದ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿ ಒಂದಾದ 1999ರ ಆರ್‌ಎಫ್‌ಸಿ 2616ರಲ್ಲಿ ಹೊಂದಾಣಿಕೆಯ ನಿಯಮ ಹೀಗಿದೆ: ಓದುಗ ಕೇಳಿದ ಸಂಕೇತವು ಪ್ರತಿಯ ಸಂಕೇತಕ್ಕೆ ಪೂರ್ತಿ ಸಮನಾಗಿರಬೇಕು, ಇಲ್ಲವೇ ಅದರ ಮೊದಲ ಭಾಗವಾಗಿರಬೇಕು. ಅಂದರೆ ಓದುಗ "ಕೆಎನ್" ಎಂದು ಕೇಳಿ, ನಿಮ್ಮ ಪ್ರತಿಯ ಮೇಲೆ "ಕೆಎನ್-ಐಎನ್" ಎಂಬ ಚೀಟಿ ಇದ್ದರೆ ಹೊಂದುತ್ತದೆ. ಓದುಗ "ಕೆಎನ್-ಐಎನ್" ಎಂದು ಕೇಳಿ, ಪ್ರತಿಯ ಮೇಲೆ ಬರಿಯ "ಕೆಎನ್" ಇದ್ದರೆ ಹೊಂದುವುದಿಲ್ಲ. "ಯಾವುದಾದರೂ ಅಕ್ಕಿ ಕೊಡಿ" ಎಂದವರಿಗೆ ಸೋನಾ ಮಸೂರಿ ಕೊಡಬಹುದು, ಆದರೆ "ಸೋನಾ ಮಸೂರಿಯೇ ಬೇಕು" ಎಂದವರಿಗೆ ಬರಿಯ "ಅಕ್ಕಿ" ಎಂದು ಬರೆದ ಚೀಲವನ್ನು ಕೊಡುವಂತಿಲ್ಲ.

ಈಗ ಆ್ಯಪ್‌ನ ಸಾಲನ್ನು ತೂಗಿ. ನಿಮ್ಮ ಕನ್ನಡದ ಪ್ರತಿಗೆ ನೇರವಾಗಿ ಹೊಂದುವ ಸಂಕೇತವೇ ಅದರಲ್ಲಿಲ್ಲ. ಇಂಗ್ಲಿಷ್ ಪ್ರತಿಗೆ ನೇರ ಹೊಂದಾಣಿಕೆ ಇದೆ, ತೂಕ 0.8. ಇಂಗ್ಲಿಷ್ ಗೆದ್ದಿತು. ಅಪಾಚೆ ಇಂಥ ಸಂದರ್ಭದಲ್ಲಿ ಸ್ವಲ್ಪ ಕರುಣೆ ತೋರಿಸುತ್ತದೆ ಎಂಬುದೂ ನಿಜ: "ಕೆಎನ್-ಐಎನ್" ಎಂಬುದರ ತಾಯಿ ಸಂಕೇತವಾದ "ಕೆಎನ್" ಅನ್ನು ತಾನೇ ಪಟ್ಟಿಗೆ ಸೇರಿಸಿಕೊಳ್ಳುತ್ತದೆ, ಆದರೆ ತೀರಾ ಕಡಿಮೆ ತೂಕದಲ್ಲಿ. ಬೇರೆ ಯಾವುದೂ ಹೊಂದದಿದ್ದಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನಿಮ್ಮ ಬಳಿ ಇಂಗ್ಲಿಷ್ ಪ್ರತಿ ಇಲ್ಲದೇ ಹೋಗಿದ್ದರೆ ಆ ಫೋನಿಗೆ ಕನ್ನಡವೇ ಹೋಗುತ್ತಿತ್ತು! ಇದು ದೋಷವಲ್ಲ, ಮಾನದಂಡಕ್ಕೆ ಬದ್ಧವಾಗಿರಲು ಬೇಕೆಂದೇ ಹೀಗೆ ಇಟ್ಟಿದ್ದೇವೆ ಎಂದು ಅಪಾಚೆಯ ಕೈಪಿಡಿಯಲ್ಲೇ ಬರೆದಿದ್ದಾರೆ.

2006ರ ಆರ್‌ಎಫ್‌ಸಿ 4647 ಈ ಹಳೆಯ ನಿಯಮದ ಜೊತೆಗೆ ಇನ್ನೊಂದು ವಿಧಾನವನ್ನೂ ಹೇಳುತ್ತದೆ. ಅದರಲ್ಲಿ ಓದುಗನ ಮೊದಲ ಸಂಕೇತವನ್ನು ಹಿಂದಿನಿಂದ ಒಂದೊಂದೇ ತುಂಡು ಕತ್ತರಿಸುತ್ತಾ ಹೋಗಿ, "ಕೆಎನ್-ಐಎನ್" ಸಿಗದಿದ್ದರೆ "ಕೆಎನ್" ಹುಡುಕಿ, ಅದೂ ಇಲ್ಲದಿದ್ದರೆ ಮಾತ್ರ ಮುಂದಿನ ಭಾಷೆಗೆ ಹೋಗಬೇಕು. ನಮ್ಮಂಥವರಿಗೆ ಇದೇ ಸರಿಯಾದ ವಿಧಾನ ಎಂಬುದು ನನ್ನ ಅಭಿಪ್ರಾಯ. ಯಾವ ವಿಧಾನವನ್ನು ಬಳಸಬೇಕೆಂಬುದನ್ನು ಈಗ ಜಾರಿಯಲ್ಲಿರುವ 2022ರ ಆರ್‌ಎಫ್‌ಸಿ 9110 ಸರ್ವರ್ ಬರೆಯುವವರ ವಿವೇಚನೆಗೇ ಬಿಟ್ಟಿದೆ.

ಪರಿಹಾರ ಒಂದೇ ಸಾಲಿನದು. ಯಾವ ಬಾಲ ಯಾವ ಭಾಷೆಯದು ಎಂದು ಅಪಾಚೆಗೆ ತಿಳಿಸುವ ಆಡ್‌ಲ್ಯಾಂಗ್ವೇಜ್ ನಿರ್ದೇಶನದಲ್ಲಿ ಡಾಟ್ ಕೆಎನ್ ಬಾಲಕ್ಕೆ "ಕೆಎನ್" ಎಂದಿರುವುದನ್ನು "ಕೆಎನ್-ಐಎನ್" ಎಂದು ಬದಲಿಸಿ, ತೆಲುಗಿಗೂ ಹಾಗೆಯೇ ಮಾಡಿ. ಫೈಲ್‌ನ ಹೆಸರನ್ನು ಮುಟ್ಟಬೇಕಾಗಿಲ್ಲ. ಆಗ ಬರಿಯ "ಕೆಎನ್" ಎಂದು ಕೇಳುವ ನಿಮ್ಮ ಲ್ಯಾಪ್‌ಟಾಪ್‌ಗೂ ಹೊಂದುತ್ತದೆ, ಆ್ಯಪ್‌ಗೂ ಹೊಂದುತ್ತದೆ. ಫೋನನ್ನು ಕನ್ನಡ-ಅಮೆರಿಕ ಎಂದು ಇಟ್ಟುಕೊಂಡವರು ಯಾರಾದರೂ ಇದ್ದರೆ ಅವರಿಗೆ ಇಂಗ್ಲಿಷ್ ಹೋಗಬಹುದು. ಅವರು ಕಾರಟಗಿಯ ಭತ್ತದ ದರ ನೋಡುವ ಸಂಭವ ಕಡಿಮೆ. ಲ್ಯಾಂಗ್ವೇಜ್‌ಪ್ರಯಾರಿಟಿ ಸಾಲನ್ನೂ ಒಮ್ಮೆ ತೆರೆದು ನೋಡಿ. ಅಪಾಚೆಯ ಜೊತೆ ಬರುವ ಮಾದರಿಯಲ್ಲಿ ಅದು ಇಂಗ್ಲಿಷಿನಿಂದ ಶುರುವಾಗುತ್ತದೆ, ಕನ್ನಡ, ತೆಲುಗುಗಳ ಹೆಸರೇ ಅದರಲ್ಲಿಲ್ಲ. ಏನನ್ನೂ ಕೇಳದೆ ಬರುವವರಿಗೆ ಯಾವ ಪ್ರತಿ ಹೋಗಬೇಕೆಂದು ನಿರ್ಧರಿಸುವುದು ಆ ಸಾಲೇ ಆದ್ದರಿಂದ, ಅದರಲ್ಲಿ ಕನ್ನಡವನ್ನು ಮೊದಲಿಗೆ ತನ್ನಿ.

ರಾಯಚೂರು_ಕೋಟೆಬಾಗಿಲು:

ತೆಲುಗಿನ ಬೆಳಿಗ್ಗೆಯ ವಿಷಯಕ್ಕೆ ನಾನು ಬರುತ್ತೇನೆ, ಏಕೆಂದರೆ ಇದೇ ಪೆಟ್ಟನ್ನು ನಾನೂ ತಿಂದಿದ್ದೇನೆ. ನಿಮ್ಮ ಸರ್ವರ್ ಮತ್ತು ಓದುಗರ ನಡುವೆ ಯಾವುದಾದರೂ ಕ್ಯಾಶ್ ಸೇವೆ ಇದೆಯೇ? ಪುಟದ ನಕಲನ್ನು ತನ್ನ ಬಳಿ ಇಟ್ಟುಕೊಂಡು, ನಿಮ್ಮ ಸರ್ವರ್‌ಗೆ ತೊಂದರೆ ಕೊಡದೆ ತಾನೇ ಹಂಚುವಂಥದ್ದು? ಇದ್ದರೆ ಉತ್ತರ ಅಲ್ಲಿದೆ.

ಕ್ಯಾಶ್ ಸಾಮಾನ್ಯವಾಗಿ ವಿಳಾಸವನ್ನು ಮಾತ್ರ ನೋಡುತ್ತದೆ. ಒಂದು ವಿಳಾಸಕ್ಕೆ ಒಂದು ನಕಲು. ನೀವೋ ಒಂದು ವಿಳಾಸದ ಹಿಂದೆ ಮೂರು ಪ್ರತಿಗಳನ್ನು ಅಡಗಿಸಿಟ್ಟಿದ್ದೀರಿ. ನೀವು ದರವನ್ನು ಹೊಸದಾಗಿ ಹಾಕಿ ಹಳೆಯ ನಕಲನ್ನು ತೆರವು ಮಾಡಿದ ಕೂಡಲೇ ಮೊದಲು ಬಂದವರು ಯಾರೋ ಕ್ಯಾಂಪಿನವರು, ಅವರ ಫೋನು ತೆಲುಗಿನಲ್ಲಿತ್ತು, ಅಪಾಚೆ ನ್ಯಾಯವಾಗಿಯೇ ತೆಲುಗಿನ ಪ್ರತಿಯನ್ನು ಕೊಟ್ಟಿತು. ನಡುವಿನ ಕ್ಯಾಶ್ ಅದನ್ನೇ ಎತ್ತಿಟ್ಟುಕೊಂಡು, ಅದರ ಅವಧಿ ಮುಗಿಯುವವರೆಗೆ ಬಂದವರಿಗೆಲ್ಲ ಅದನ್ನೇ ಹಂಚಿತು. ಹತ್ತು ಗಂಟೆಗೆ ಅವಧಿ ಮುಗಿದಾಗ ಮೊದಲು ಬಂದವರು ಕನ್ನಡದವರಾಗಿದ್ದರು, ಹಾಗಾಗಿ ತಾನೇ ಸರಿಹೋದಂತೆ ಕಂಡಿತು. ಆ ಬಳಿಕ ಅದೇ ಪುಟವನ್ನು ತೆರೆದ ಕ್ಯಾಂಪಿನವರಿಗೆ ಕನ್ನಡ ಹೋಗಿರುತ್ತದೆ, ಅವರು ನಿಮಗೆ ಕರೆ ಮಾಡಿಲ್ಲ ಅಷ್ಟೇ. ಆ ದಿನದ ಲಾಗ್ ತೆರೆದು ನೋಡಿ: ಆರರಿಂದ ಹತ್ತರವರೆಗೆ ದರದ ಪುಟಕ್ಕೆ ನಿಮ್ಮ ಸರ್ವರ್‌ವರೆಗೆ ಬಂದ ಕೋರಿಕೆಗಳು ಬೆರಳೆಣಿಕೆಯಷ್ಟೇ ಇರಬೇಕು.

ಇದನ್ನು ತಡೆಯುವುದಕ್ಕೆಂದೇ ವೇರಿ ಎಂಬ ಹೆಡರ್ ಇದೆ. "ಈ ಉತ್ತರವು ಅಕ್ಸೆಪ್ಟ್-ಲ್ಯಾಂಗ್ವೇಜ್ ಬದಲಾದರೆ ಬದಲಾಗುತ್ತದೆ, ನೋಡಿಕೊಂಡು ಹಂಚಿ" ಎಂದು ಸರ್ವರ್ ಅದರಲ್ಲಿ ಹೇಳುತ್ತದೆ. ಮಲ್ಟಿವ್ಯೂಸ್ ಬಳಸಿದಾಗ ಅಪಾಚೆ ಈ ಹೆಡರನ್ನು ತಾನೇ ಸೇರಿಸುತ್ತದೆ, ನಿಮ್ಮ ತಪ್ಪೇನೂ ಇಲ್ಲ. ಆದರೆ ನಡುವಿನ ಸೇವೆಗಳಲ್ಲಿ ಕೆಲವು, ಪುಟವನ್ನು ಕುಗ್ಗಿಸಿ ಕಳಿಸುವ ಬಗೆಗೆ ಸಂಬಂಧಿಸಿದ ವೇರಿಯನ್ನು ಬಿಟ್ಟು ಉಳಿದದ್ದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವರಿಗೂ ಒಂದು ಕಾರಣವಿದೆ. ಮೇಲೆ ನೀವು ಹಾಕಿರುವ ಮೂರು ಸಾಲುಗಳನ್ನೇ ನೋಡಿ: ಮೂರೂ ಕನ್ನಡವನ್ನೇ ಬಯಸುತ್ತವೆ, ಆದರೆ ಅಕ್ಷರಶಃ ಮೂರೂ ಬೇರೆ. ವೇರಿಯನ್ನು ಅಕ್ಷರಶಃ ಪಾಲಿಸುವ ಕ್ಯಾಶ್ ಒಂದೇ ಕನ್ನಡ ಪುಟದ ಮೂರು ನಕಲು ಇಟ್ಟುಕೊಳ್ಳಬೇಕಾಗುತ್ತದೆ. ಸಾವಿರ ಬಗೆಯ ಫೋನುಗಳಿಗೆ ಎಷ್ಟಾಗಬಹುದೆಂದು ನೀವೇ ಲೆಕ್ಕ ಹಾಕಿ. ಕ್ಯಾಶ್ ಇದ್ದೂ ಇಲ್ಲದಂತಾಗುತ್ತದೆ.

ಮಸ್ಕಿ_ಬೆಟ್ಟದಡಿ:

ಮೂರನೆಯ ಪ್ರಶ್ನೆಯೇ ನಿಜವಾಗಿ ದೊಡ್ಡದು, ಅದನ್ನು ಯಾರೂ ಮುಟ್ಟಿಲ್ಲ.

ಐಪಿ ವಿಳಾಸದಿಂದ ಭಾಷೆಯನ್ನು ತೀರ್ಮಾನಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಮೊಬೈಲ್ ಜಾಲದ ಐಪಿ ವಿಳಾಸ ಊರನ್ನು ನಂಬಿಕೆಗೆ ಅರ್ಹವಾಗಿ ಹೇಳುವುದಿಲ್ಲ. ನಾನು ಮಸ್ಕಿಯಲ್ಲಿ ಕುಳಿತು ಪರೀಕ್ಷಿಸಿದಾಗ ಒಂದು ಸಿಮ್ ನನ್ನನ್ನು ಬೆಂಗಳೂರಿನಲ್ಲಿ, ಇನ್ನೊಂದು ಹೈದರಾಬಾದಿನಲ್ಲಿ ಕೂರಿಸಿತು. ಊರು ಸರಿಯಾಗಿ ತಿಳಿದರೂ ಏನು ಪ್ರಯೋಜನ? ನಮ್ಮದು ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲೂ, ರಾಯಚೂರು-ಕೊಪ್ಪಳದ ಸೀಮೆ 1956ರವರೆಗೆ ಹೈದರಾಬಾದಿನ ಆಡಳಿತದಲ್ಲೂ ಇದ್ದ ನೆಲ. ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಕೇಳಬಹುದು. ಇಂಥ ಕಡೆ ಪಿನ್‌ಕೋಡ್ ನೋಡಿ ಭಾಷೆ ಹೇಳಲು ಹೊರಟರೆ ಯಾರಿಗಾದರೂ ಅವಮಾನವಾಗುವುದು ಖಚಿತ.

ಸ್ಥಳವನ್ನು ನೋಡಿ ಭಾಷೆ ಆರಿಸುವ ಪದ್ಧತಿಗೆ ನಮ್ಮೂರಲ್ಲೇ ಹಳೆಯ ಉದಾಹರಣೆ ಇದೆ ಎಂದು ನಾನು ತಮಾಷೆಗೆ ಹೇಳುವುದುಂಟು. ಅಶೋಕನು ಕಂದಹಾರದ ಬಂಡೆಯ ಮೇಲೆ ಗ್ರೀಕ್ ಮತ್ತು ಅರಮಾಯಿಕ್ ಬರೆಯಿಸಿದ, 1915ರಲ್ಲಿ ಬೆಳಕಿಗೆ ಬಂದ ನಮ್ಮ ಮಸ್ಕಿಯ ಶಾಸನವನ್ನು ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿ ಬರೆಯಿಸಿದ. ಬಂಡೆ ಕದಲುವುದಿಲ್ಲವಾದ್ದರಿಂದ ಅವನಿಗೆ ಅದು ನಡೆಯಿತು. ಫೋನು ಜೇಬಿನಲ್ಲಿ ಊರೂರು ತಿರುಗುತ್ತದೆ.

ಇನ್ನು ಫೋನು ಇಂಗ್ಲಿಷಿನಲ್ಲಿರುವವರ ವಿಷಯ. ಅಕ್ಸೆಪ್ಟ್-ಲ್ಯಾಂಗ್ವೇಜ್ ಹೇಳುವುದು ಫೋನನ್ನು ಹೇಗೆ ಇಟ್ಟಿದ್ದಾರೆ ಎಂಬುದನ್ನು. ಅದನ್ನು ಹಿಡಿದವರು ಏನನ್ನು ಓದಬಲ್ಲರು ಎಂಬುದನ್ನಲ್ಲ. ಅಂಗಡಿಯ ಹುಡುಗ ಫೋನು ಮಾರುವಾಗ ಇಂಗ್ಲಿಷ್ ಒತ್ತಿ ಕೊಟ್ಟಿರುತ್ತಾನೆ, ಆಮೇಲೆ ಅದನ್ನು ಬದಲಿಸುವವರು ಅಪರೂಪ. ಆದರೆ ಇಲ್ಲೊಂದು ಸುಳಿವು ಸಿಗುತ್ತದೆ. 2016ರ ಆಂಡ್ರಾಯ್ಡ್ 7ರಿಂದ ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಸಾಲಾಗಿ ಇಡಬಹುದು, ಕ್ರೋಮ್‌ಗೆ ತನ್ನದೇ ಆದ ಭಾಷಾಪಟ್ಟಿಯೂ ಇದೆ. ಹಾಗಾಗಿ ಇಂಗ್ಲಿಷ್ ಮೊದಲಿದ್ದು ಕನ್ನಡ ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿರುವ ಸಾಲುಗಳು ನಿಮ್ಮ ಲಾಗ್‌ನಲ್ಲಿ ಕಾಣಬಹುದು. ಇಂಗ್ಲಿಷ್ ತಾನಾಗಿ ಬಂದು ಕೂರುತ್ತದೆ. ಕನ್ನಡ ಹಾಗೆ ಬರುವುದಿಲ್ಲ, ಅದನ್ನು ಯಾರಾದರೂ ಕೈಯಾರೆ ಸೇರಿಸಿರಬೇಕು. ಆದ್ದರಿಂದ ಪಟ್ಟಿಯಲ್ಲಿ ಎಲ್ಲೇ ಕನ್ನಡ ಕಂಡರೂ ತೂಕವನ್ನು ಬದಿಗಿಟ್ಟು ಕನ್ನಡವನ್ನೇ ಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಪಾಚೆಯಲ್ಲಿ, ಹೆಡರ್ ನೋಡಿ ಚರಾಂಶಕ್ಕೆ ಬೆಲೆ ತುಂಬುವ ಸೆಟ್‌ಎನ್ವ್‌ಇಫ್ ನಿರ್ದೇಶನವನ್ನು ಬಳಸಿ ಪ್ರಿಫರ್-ಲ್ಯಾಂಗ್ವೇಜ್ ಎಂಬ ಚರಾಂಶಕ್ಕೆ ಕನ್ನಡವನ್ನು ತುಂಬಿದರೆ ಸಾಕು, ಅದು ಹೆಡರ್‌ನ ಲೆಕ್ಕವನ್ನು ಮೀರಿ ನಡೆಯುತ್ತದೆ.

ಸಿಂಧನೂರು_ಕ್ಯಾಂಪ್:

ಮಸ್ಕಿಯವರ ಕೊನೆಯ ಸಲಹೆಗೆ ನನ್ನ ಆಕ್ಷೇಪವಿದೆ. ನಾನು ಕ್ಯಾಂಪಿನವನು. ನನ್ನ ಫೋನಿನಲ್ಲಿ ತೆಲುಗು ಮೊದಲು, ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು. ಮೂರನ್ನೂ ನಾನೇ ಯೋಚಿಸಿ ಇಟ್ಟಿದ್ದೇನೆ. ನಿಮ್ಮ ನಿಯಮದ ಪ್ರಕಾರ ಪಟ್ಟಿಯಲ್ಲಿ ಕನ್ನಡ ಎಲ್ಲೋ ಇದೆ ಎಂಬ ಕಾರಣಕ್ಕೆ ನನಗೆ ಕನ್ನಡ ಬರುತ್ತದೆ. ನಾನು ಕನ್ನಡವನ್ನು ಓದಬಲ್ಲೆ, ನನಗೆ ತೊಂದರೆಯಿಲ್ಲ. ನನ್ನ ತಾಯಿಯ ಫೋನನ್ನೂ ನಾನೇ ಹೀಗೆಯೇ ಇಟ್ಟುಕೊಟ್ಟಿದ್ದೇನೆ, ಅವರಿಗೆ ತೆಲುಗು ಅಕ್ಷರ ಮಾತ್ರ ಬರುತ್ತದೆ. ಔಷಧದ ಪ್ರಮಾಣ ಬರೆದಿರುವ ಪುಟದಲ್ಲಿ ಇಂಥ ಜಾಣತನ ಬೇಡ.

ಮಸ್ಕಿ_ಬೆಟ್ಟದಡಿ:

ಒಪ್ಪಿದೆ. ಇಂಗ್ಲಿಷ್ ಮೊದಲಿರುವ ಪಟ್ಟಿಗಳಿಗೆ ಮಾತ್ರ ಈ ನಿಯಮ ಅನ್ವಯಿಸಬೇಕು, ಅಲ್ಲಿಯೂ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಉಳಿದವುಗಳ ಕ್ರಮವನ್ನು ಹಾಗೆಯೇ ಉಳಿಸಬೇಕು. ಅದನ್ನು ಒಂದೇ ಸಾಲಿನಲ್ಲಿ ಬರೆಯಲು ಆಗುವುದಿಲ್ಲ.

ರಾಯಚೂರು_ಕೋಟೆಬಾಗಿಲು:

ಒಂದು ಸಾಲಿನಲ್ಲಿ ಬರೆಯುವ ಹಟವನ್ನೇ ಬಿಡೋಣ ಎಂದು ನನ್ನ ಸಲಹೆ. ಇಲ್ಲಿಯವರೆಗಿನ ತೊಂದರೆಗಳೆಲ್ಲ ಒಂದು ವಿಳಾಸದ ಹಿಂದೆ ಮೂರು ಪುಟ ಇಟ್ಟಿದ್ದರಿಂದ ಬಂದವು. ಕನ್ನಡಕ್ಕೆ, ತೆಲುಗಿಗೆ, ಇಂಗ್ಲಿಷಿಗೆ ಬೇರೆ ಬೇರೆ ವಿಳಾಸ ಕೊಟ್ಟುಬಿಡಿ. ಡೊಮೇನ್ ಹೆಸರಿನ ಮುಂದೆ ಓರೆಗೆರೆ ಹಾಕಿ ಕೆಎನ್, ಟಿಇ, ಇಎನ್ ಎಂದರೆ ಸಾಕು. ಕ್ಯಾಶ್‌ಗೆ ಆಗ ಗೊಂದಲವೇ ಇರುವುದಿಲ್ಲ, ವೇರಿಯ ಹಂಗೂ ಇಲ್ಲ. ಬರಿಯ ಮುಖ್ಯ ವಿಳಾಸಕ್ಕೆ ಬಂದವರ ಅಕ್ಸೆಪ್ಟ್-ಲ್ಯಾಂಗ್ವೇಜ್ ಮಾತ್ರ ನೋಡಿ, ಹೊಂದುವ ವಿಳಾಸಕ್ಕೆ ಕಳಿಸಿ. ಆ ಕಳಿಸುವ ಉತ್ತರವನ್ನು ಎತ್ತಿಟ್ಟುಕೊಳ್ಳಬಾರದೆಂದು ಕ್ಯಾಶ್‌ಗೆ ತಿಳಿಸಿ. ಒಳಗಿನ ಪುಟಗಳಲ್ಲಿ ಸರ್ವರ್ ಊಹಿಸುವುದೇ ಬೇಡ. ಪ್ರತಿಯೊಂದು ಪುಟದ ತಲೆಯ ಮೇಲೆ ಆಯಾ ಭಾಷೆಯ ಹೆಸರನ್ನು ಆಯಾ ಲಿಪಿಯಲ್ಲಿ ದೊಡ್ಡದಾಗಿ ಬರೆದು ಲಿಂಕ್ ಇಡಿ. ಒತ್ತಿದ್ದನ್ನು ಕುಕಿಯಲ್ಲಿ, ಅಂದರೆ ಬ್ರೌಸರ್ ತನ್ನ ಬಳಿ ಇಟ್ಟುಕೊಳ್ಳುವ ಪುಟ್ಟ ಟಿಪ್ಪಣಿಯಲ್ಲಿ, ಬರೆದಿಟ್ಟು, ಮುಂದಿನ ಬಾರಿ ಮುಖ್ಯ ವಿಳಾಸಕ್ಕೆ ಬಂದಾಗ ಹೆಡರ್‌ಗಿಂತ ಮೊದಲು ಆ ಕುಕಿಯನ್ನು ನೋಡಿ.

ಇದರಿಂದ ಇನ್ನೂ ಒಂದು ಲಾಭವಿದೆ. ಗೂಗಲ್‌ನ ಹುಡುಕು ಯಂತ್ರ ಪುಟಗಳನ್ನು ಓದಲು ಬರುವಾಗ ಅಕ್ಸೆಪ್ಟ್-ಲ್ಯಾಂಗ್ವೇಜ್ ಕಳಿಸುವುದೇ ಇಲ್ಲ. ಅಂದರೆ ಅದಕ್ಕೆ ಇಷ್ಟು ದಿನ ಹೋಗಿರುವುದು ನಿಮ್ಮ ಲ್ಯಾಂಗ್ವೇಜ್‌ಪ್ರಯಾರಿಟಿಯ ಮೊದಲ ಭಾಷೆ, ಬಹುಶಃ ಇಂಗ್ಲಿಷ್. ಕನ್ನಡದ ಪುಟ ಇದೆ ಎಂಬುದೇ ಅದಕ್ಕೆ ಗೊತ್ತಿರಲಿಕ್ಕಿಲ್ಲ. ಬೇರೆ ವಿಳಾಸಗಳಿದ್ದರೆ ಇದೇ ಪುಟ ಬೇರೆ ಭಾಷೆಯಲ್ಲಿ ಎಲ್ಲಿದೆ ಎಂದು ಹುಡುಕು ಯಂತ್ರಕ್ಕೆ ಹೇಳುವ ಎಚ್‌ರೆಫ್‌ಲ್ಯಾಂಗ್ ಗುರುತುಗಳಿಂದ ಒಂದಕ್ಕೊಂದು ಕೊಂಡಿ ಹಾಕಿ, ಭಾಷೆ ತಿಳಿಯದವರಿಗೆ ಎಕ್ಸ್-ಡಿಫಾಲ್ಟ್ ಎಂದು ಮುಖ್ಯ ವಿಳಾಸವನ್ನು ತೋರಿಸಬಹುದು.

ಎಡದಂಡೆ_ಗಂಗಾವತಿ:

ಎಲ್ಲರಿಗೂ ಧನ್ಯವಾದಗಳು. ನಾಲ್ಕು ದಿನಗಳ ನಂತರದ ವರದಿ ಒಪ್ಪಿಸುತ್ತಿದ್ದೇನೆ.

ಆ ಬೆಳಗಿನ ಲಾಗ್ ತೆರೆದು ನೋಡಿದೆ. ರಾಯಚೂರಿನವರು ಹೇಳಿದ್ದು ಅಕ್ಷರಶಃ ನಿಜ. ಆರು ಗಂಟೆ ಎರಡು ನಿಮಿಷಕ್ಕೆ ದರದ ಪುಟಕ್ಕೆ ಬಂದ ಮೊದಲ ಕೋರಿಕೆಗೆ ತೆಲುಗಿನ ಪ್ರತಿ ಹೋಗಿದೆ, ಅದಾದ ಮೇಲೆ ಹತ್ತರವರೆಗೆ ಆ ಪುಟಕ್ಕೆ ಒಂದೂ ಕೋರಿಕೆ ನಮ್ಮ ಸರ್ವರ್‌ವರೆಗೆ ಬಂದಿಲ್ಲ. ಪ್ರತಿದಿನ ಆರಕ್ಕೆ ದರ ನೋಡುವ ಆ ಪುಣ್ಯಾತ್ಮರು ಯಾರೆಂದು ನನಗೆ ಅಂದಾಜಿದೆ, ನಮ್ಮ ಅಂಗಡಿಯ ಹಳೆಯ ಗಿರಾಕಿ.

ಮೊದಲು ಬಳ್ಳಾರಿಯವರು ಹೇಳಿದಂತೆ ಚೀಟಿಯನ್ನು ಕೆಎನ್-ಐಎನ್ ಎಂದು ಬದಲಿಸಿ, ಬ್ರೌಸರ್ ಇಲ್ಲದೆಯೇ ಪುಟ ಕೇಳಿ ಪರೀಕ್ಷಿಸುವ ಕರ್ಲ್ ಆದೇಶದಿಂದ ಆ್ಯಪ್‌ನ ಸಾಲನ್ನೇ ಕಳಿಸಿ ನೋಡಿದೆ. ಮೊದಲ ಸಲವೇ ಕನ್ನಡ ಬಂದಿತು. ಆಮೇಲೆ ವಿಳಾಸಗಳನ್ನೂ ಬೇರೆ ಮಾಡಿದೆ. ಇದನ್ನು ಮಾಡಿದ ಮೇಲೆ ಹೊಳೆದದ್ದೇನೆಂದರೆ, ಮುಂಚೆ ಇಬ್ಬರು ರೈತರು ಫೋನಿನಲ್ಲಿ ಮಾತನಾಡುತ್ತಾ "ಮೂರನೆಯ ಸಾಲು ನೋಡು" ಎಂದರೆ ಇಬ್ಬರ ಮುಂದೆಯೂ ಬೇರೆ ಬೇರೆ ಪುಟಗಳಿರುತ್ತಿದ್ದವು. ಈಗ ಒಬ್ಬರು ಕಳಿಸಿದ ಪುಟವೇ ಇನ್ನೊಬ್ಬರಿಗೆ ತೆರೆಯುತ್ತದೆ. ಭಾಷೆ ಬೇಡವಾದರೆ ಮೇಲೆ ಒತ್ತಿ ಬದಲಿಸಿಕೊಳ್ಳುತ್ತಾರೆ.

ಇಂಗ್ಲಿಷ್ ಮೊದಲಿರುವ ಫೋನುಗಳಿಗಾಗಿ ಮುಖ್ಯ ವಿಳಾಸದಲ್ಲಿ ಸಣ್ಣ ಕೋಡ್ ಬರೆದಿದ್ದೇನೆ. ಪಟ್ಟಿಯಲ್ಲಿ ಕನ್ನಡ ಅಥವಾ ತೆಲುಗು ಇದ್ದರೆ ಅವುಗಳಲ್ಲಿ ಮುಂದಿರುವುದಕ್ಕೆ ಕಳಿಸುತ್ತದೆ. ಎರಡೂ ಇಲ್ಲದೆ ಬರಿಯ ಇಂಗ್ಲಿಷ್ ಇದ್ದವರಿಗೆ ಯಾವುದಕ್ಕೂ ಕಳಿಸದೆ, ಮೂರು ಭಾಷೆಗಳ ಹೆಸರಿರುವ ಒಂದು ಪುಟ್ಟ ಪುಟವನ್ನು ತೋರಿಸುತ್ತದೆ. ಒಂದು ಒತ್ತು ಹೆಚ್ಚಾಯಿತು ಎಂದು ಇಬ್ಬರು ಗೊಣಗಿದ್ದಾರೆ. ಮರುದಿನದಿಂದ ಕುಕಿ ನೆನಪಿಟ್ಟುಕೊಳ್ಳುತ್ತದೆ ಎಂದು ಸಮಾಧಾನ ಹೇಳಿದ್ದೇನೆ. ಸಿಂಧನೂರಿನವರೇ, ನಿಮ್ಮ ತಾಯಿಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ ತಿಳಿಸುತ್ತೀರಾ?

ಸಿಂಧನೂರು_ಕ್ಯಾಂಪ್:

ತೆಲುಗಿನಲ್ಲೇ ಬಂದಿತು. ಔಷಧದ ಪುಟವನ್ನೂ ತೆರೆಸಿದೆ, ಅದೂ ತೆಲುಗಿನಲ್ಲೇ ಇದೆ. ಆದರೆ ಒಂದು ಕೊರತೆ ಉಳಿದಿದೆ: ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಹಾಕಿದರೆ ಫೋನು ತೆಲುಗನ್ನು ಇಂಗ್ಲಿಷಿನ ದನಿಯಲ್ಲಿ ಓದಲು ಹೋಗಿ ತಡವರಿಸುತ್ತಿದೆ.

ಬಳ್ಳಾರಿ_ಸರ್ವರ್_ರೂಮ್:

ಅದು ಪುಟದ ಒಳಗಿನ ತಪ್ಪು. ಎಚ್‌ಟಿಎಂಎಲ್‌ನ ಮೊದಲ ಸಾಲಿನ ಲ್ಯಾಂಗ್ ಗುರುತು ಮೂರೂ ಪ್ರತಿಗಳಲ್ಲಿ ಇಂಗ್ಲಿಷ್ ಎಂದೇ ಉಳಿದಿರಬೇಕು, ಒಂದರಿಂದ ಇನ್ನೊಂದನ್ನು ನಕಲು ಮಾಡಿದಾಗ ಹಾಗಾಗುತ್ತದೆ. ಹೆಡರ್‌ನಲ್ಲಿ ಏನೇ ಹೇಳಿದರೂ ಓದಿ ಹೇಳುವ ತಂತ್ರಾಂಶ ನೋಡುವುದು ಆ ಗುರುತನ್ನು. ಪ್ರತಿಯೊಂದರಲ್ಲೂ ಅದರದರ ಸಂಕೇತವನ್ನು ಬರೆಯಿರಿ.

ರಾಯಚೂರು_ಕೋಟೆಬಾಗಿಲು:

ಗಂಗಾವತಿಯವರಿಗೆ ಒಂದು ಪ್ರಶ್ನೆ. ಮುಖ್ಯ ವಿಳಾಸದಿಂದ ಭಾಷೆಯ ವಿಳಾಸಕ್ಕೆ ಕಳಿಸಲು 302 ಬಳಸಿದ್ದೀರಿ ತಾನೇ, 301 ಅಲ್ಲವಲ್ಲ? ಇವು ಸರ್ವರ್ ಕೊಡುವ ಉತ್ತರದ ಸಂಖ್ಯೆಗಳು: 302 ಎಂದರೆ ತಾತ್ಕಾಲಿಕ ವರ್ಗಾವಣೆ, 301 ಎಂದರೆ ಶಾಶ್ವತ ವರ್ಗಾವಣೆ. ಬ್ರೌಸರ್ 301 ಅನ್ನು ನೆನಪಿಟ್ಟುಕೊಂಡು ಮುಂದೆ ನಿಮ್ಮನ್ನು ಕೇಳದೆಯೇ ಹಳೆಯ ಭಾಷೆಗೆ ಹೋಗುತ್ತದೆ, ಆಗ ಕುಕಿಯನ್ನು ನೋಡುವ ಅವಕಾಶವೇ ನಿಮ್ಮ ಸರ್ವರ್‌ಗೆ ಸಿಗುವುದಿಲ್ಲ.

ಎಡದಂಡೆ_ಗಂಗಾವತಿ:

301 ಎಂದೇ ಬರೆದಿದ್ದೆ. ಈಗ ಬದಲಿಸಿದೆ. ಲ್ಯಾಂಗ್ ಗುರುತು ಕೂಡ ಮೂರರಲ್ಲೂ ಇಎನ್ ಎಂದೇ ಇತ್ತು, ಅದನ್ನು ಇಂದು ರಾತ್ರಿ ಕುಳಿತು ಸರಿಪಡಿಸುತ್ತೇನೆ.